ಎಂಜಿನ್ನು ಕಲಿಸಿದ ತರ್ಕ

ಮಠದ ಪಾಠಶಾಲೆಯಲ್ಲಿ ತರ್ಕಶಾಸ್ತ್ರವನ್ನು ಆರಂಭಿಸಿದ ದಿನ ಗುರುಗಳು ಕೊಟ್ಟ ಮೊದಲ ಉದಾಹರಣೆ ಬೆಟ್ಟದ ಮೇಲಣ ಹೊಗೆಯದು. ಹೊಗೆ ಕಂಡಲ್ಲಿ ಬೆಂಕಿಯಿದೆಯೆಂದು ಅನುಮಾನಿಸಬಹುದು. ಆದರೆ ಹೊಗೆ ಇಲ್ಲವೆಂದ ಮಾತ್ರಕ್ಕೆ ಬೆಂಕಿಯೂ ಇಲ್ಲವೆನ್ನಲಾಗದು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಈ ಪಾಠವನ್ನು ಅನೇಕ ಮಕ್ಕಳಿಗೆ ನಾನೂ ಹೇಳಿದ್ದೇನೆ. ಅದರ ಅರ್ಥ ನನಗೆ ಮನದಟ್ಟಾದದ್ದು ಮಾತ್ರ ಅರವತ್ತು ದಾಟಿದ ಮೇಲೆ, ಗದಗಿನ ಒಂದು ಗ್ಯಾರೇಜಿನಲ್ಲಿ.

ನಮ್ಮೂರು ಕೋಟುಮಚಗಿ. ನನ್ನ ಅಣ್ಣನವರು 1984ರಲ್ಲಿ ಕೊಂಡ ಯೆಜ್ಡಿ ಮೋಟಾರು ಸೈಕಲ್ಲು ಅವರು ಲಿಂಗೈಕ್ಯರಾದ ಮೇಲೆ ಕೊಟ್ಟಿಗೆಯ ಮೂಲೆ ಸೇರಿತ್ತು. ಅದನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. 2022ರಲ್ಲಿ ಯೆಜ್ಡಿ ಎಂಬ ಹೆಸರು ಮರಳಿ ಬಂದಿತಾದರೂ ಆ ಹೊಸ ಗಾಡಿ ನಾಲ್ಕು ಸ್ಟ್ರೋಕಿನದು. ನಮ್ಮದು ಎರಡು ಸ್ಟ್ರೋಕಿನದು. ಬಿಡಿಭಾಗಗಳನ್ನು ಹುಡುಕಿ ತರಬೇಕು. ಆದರೂ ಅಣ್ಣನವರ ನೆನಪಿಗೆ ಅದನ್ನು ಮತ್ತೆ ಓಡಿಸಬೇಕೆಂಬ ಹಂಬಲ ನನ್ನದು.

ಗದಗಿನ ಯುವಕ ಮಿಸ್ತ್ರಿಯೊಬ್ಬ ಎಂಜಿನ್ನನ್ನು ಬಿಚ್ಚಿ ಪಟ್ಟಿ ಬರೆದುಕೊಟ್ಟ: ಸಿಲಿಂಡರಿನ ಬೋರು, ದೊಡ್ಡ ಅಳತೆಯ ಪಿಸ್ಟನ್ನು, ರಿಂಗು, ಬೇರಿಂಗು, ಕ್ರ್ಯಾಂಕಿನ ಎರಡು ಸೀಲು. ಖರ್ಚು ಏರಿದ್ದನ್ನು ಕಂಡು ಸೀಲುಗಳ ಮೇಲೆ ನಾನೇ ಗೆರೆ ಎಳೆದೆ.

“ಶಾಸ್ತ್ರಿಗಳ, ಹಳೇವು ಕಲ್ಲಾಗ್ಯಾವ್ರಿ, ಹೊಸಾವು ಹಾಕೂಣು,” ಎಂದ.

“ಕಣ್ಣಿಗೆ ಚಲೋನ ಕಾಣ್ತಾವಲ್ಲ ತಮ್ಮಾ, ಇರಲಿ ಬಿಡು,” ಎಂದೆ.

ಗಾಡಿ ನಾಲ್ಕು ದಿನ ಸೊಗಸಾಗಿ ಓಡಿತು. ಐದನೆಯ ದಿನ ಗದಗಿಗೆ ಹೊರಟಾಗ ರೇಸು ಬಿಟ್ಟರೂ ಎಂಜಿನ್ನು ತಾನಾಗಿ ಜೋರಾಗುತ್ತಿತ್ತು. ಹೊಸ ಪಿಸ್ಟನ್ನಿನ ಹುರುಪೆಂದು ಹಿಗ್ಗಿದೆ. ಅರ್ಧ ದಾರಿಯಲ್ಲಿ ಶಕ್ತಿ ಕುಗ್ಗಿತು, ಕಿರ್ರೆಂದು ಸದ್ದಾಯಿತು, ಹಿಂದಿನ ಗಾಲಿ ಕಚ್ಚಿಕೊಂಡಿತು. ಕ್ಲಚ್ಚು ಹಿಡಿದು ಕಡಲೆ ಹೊಲದ ಬದುವಿನಲ್ಲಿ ನಿಂತೆ. ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಗ್ಯಾರೇಜಿಗೆ ಹೋದವನೇ ನಾಲ್ವರ ಮುಂದೆ ಗರ್ಜಿಸಿದೆ: “ಬೋರು ಬಿಗಿ ಮಾಡಿ ನಮ್ಮ ಅಣ್ಣನ ಗಾಡಿ ಕೆಡಿಸಿದಿ!” ಸರದಿಗಾಗಿ ಕಾದಿದ್ದ ಇಬ್ಬರು ಗಿರಾಕಿಗಳು ತಮ್ಮ ಗಾಡಿಗಳನ್ನು ತಳ್ಳಿಕೊಂಡು ಹೊರಟುಹೋದರು.

ಆ ಹುಡುಗ ಮರುಮಾತಾಡಲಿಲ್ಲ. ಪೆಟ್ರೋಲಿಗೆ ಎಣ್ಣೆ ಎಷ್ಟು ಬೆರೆಸಿದಿರೆಂದು ಕೇಳಿದ. ಅವನು ಹೇಳಿದಂತೆಯೇ ಲೀಟರಿಗೆ 40 ಮಿಲಿ ಎಂದೆ. ಪ್ಲಗ್ಗು ಬಿಚ್ಚಿ ತೋರಿಸಿದ. ಕಾಫಿಯ ಬಣ್ಣವಿರಬೇಕಾದದ್ದು ಸುಣ್ಣದಂತೆ ಬೆಳ್ಳಗಾಗಿತ್ತು. ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು ಎಂಬುದಕ್ಕೆ ಅದು ಕುರುಹು. ಕಾರ್ಬ್ಯುರೇಟರಿನ ಜೆಟ್ಟು ಶುಚಿಯಾಗಿತ್ತು. ಹಾಗಾದರೆ ಹೆಚ್ಚಿನ ಗಾಳಿ ಬಂದುದೆಲ್ಲಿಂದ?

ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಮಿಶ್ರಣವು ಮೊದಲು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆಗೆ ಬಂದು, ಅಲ್ಲಿ ಒತ್ತಲ್ಪಟ್ಟು ಮೇಲಕ್ಕೇರುತ್ತದೆ. ಆ ಪೆಟ್ಟಿಗೆಗೆ ಸಣ್ಣ ಸೀಳಿದ್ದರೂ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗಿ ಪಿಸ್ಟನ್ನು ಅತಿಯಾಗಿ ಕಾಯುತ್ತದೆ. ಹುಡುಗ ಒಳದಾರಿ ಹೊರದಾರಿಗಳಿಗೆ ರಬ್ಬರು ಬಿಗಿದು, ಪ್ಲಗ್ಗಿನ ತೂತಿನಿಂದ ಸೈಕಲ್ ಪಂಪಿನಲ್ಲಿ ಆರು ಪೌಂಡಿನಷ್ಟು ಗಾಳಿ ತುಂಬಿದ. ಮೀಟರಿನ ಮುಳ್ಳು ನಿಲ್ಲದೆ ಇಳಿಯಿತು. ಬಲಬದಿಯ ಡೈನಮೋ ಕಳಚಿ ಸಾಬೂನಿನ ನೀರು ಸವರಿದ. ಹಳೆಯ ಸೀಲಿನ ಅಂಚಿನಲ್ಲಿ ಗುಳ್ಳೆಗಳು ಸಾಲಾಗಿ ಎದ್ದವು.

ಬಳಿಕ ಸಿಲಿಂಡರನ್ನು ತೆಗೆದ. ಬೋರು ಬಿಗಿಯಾಗಿದ್ದರೆ ಪಿಸ್ಟನ್ನಿನ ಸುತ್ತ ನಾಲ್ಕು ಕಡೆ ಗೀರು ಬೀಳುತ್ತಿತ್ತು. ಇದರ ಗೀರೆಲ್ಲ ಹೊಗೆ ಹೊರಡುವ ಬದಿಯಲ್ಲಿಯೇ ಇತ್ತು. ಅತಿ ಕಾವಿನ ಗುರುತದು.

“ಎಡಗಡೆ ಸೀಲು ಹೋಗಿದ್ರ ಗೇರಿನ ಎಣ್ಣಿ ಒಳಗ ಬಂದು ದಟ್ಟ ಹೊಗಿ ಬರ್ತಿತ್ರಿ. ಬಲಗಡೇದು ಹೋದ್ರ ಹೊಗೀನ ಇಲ್ಲ, ಬರೇ ಕಾವು,” ಎಂದ.

ಹೊಗೆಯಿಲ್ಲದ ಬೆಂಕಿ! ಕಾದ ಕಬ್ಬಿಣದ ಗುಂಡು ನನ್ನ ಕಣ್ಮುಂದೆಯೇ ಇತ್ತು. ಜೀವಮಾನವೆಲ್ಲ ತರ್ಕ ಓದಿದ ನಾನು ಪರೀಕ್ಷೆಗೆ ಮೊದಲೇ ತೀರ್ಪು ಕೊಟ್ಟಿದ್ದೆ. ಶಾಲೆ ಬಿಟ್ಟು ಸ್ಪ್ಯಾನರು ಹಿಡಿದ ಹುಡುಗ ಒಂದೊಂದೇ ಕಾರಣವನ್ನು ತಳ್ಳಿಹಾಕುತ್ತ ಸತ್ಯದ ಬಳಿಗೆ ನಡೆದಿದ್ದ. ಮೊಳೆಗೆ ಸಿಕ್ಕಿಸಿದ್ದ ಪಟ್ಟಿಯಲ್ಲಿ ನನ್ನ ಮಸಿಯ ಗೆರೆ ಹಾಗೆಯೇ ಇತ್ತು. ಅವನು ಅದನ್ನು ತೋರಿಸಲಿಲ್ಲ, ನಾನೇ ನೋಡಿದೆ.

ಅಲ್ಲಿದ್ದವರ ಎದುರಿಗೆ ಅವನ ಕ್ಷಮೆ ಕೇಳಿದೆ. “ನಂದೂ ತಪ್ಪೈತ್ರಿ. ನೀವು ಬ್ಯಾಡಂದ್ರೂ ಹಳೇ ಸೀಲಿಟ್ಟು ಎಂಜಿನ್ ಮುಚ್ಚಬಾರದಿತ್ತು. ಗಾಳಿ ತುಂಬಿ ನೋಡಿ ಕೊಡಬೇಕಿತ್ತು,” ಎಂದ.

ಈಗ ಗಾಡಿ ಹೊಸ ಸೀಲು, ಹೊಸ ಪಿಸ್ಟನ್ನುಗಳೊಂದಿಗೆ ಓಡುತ್ತಿದೆ. ಎಂಜಿನ್ನು ಕಟ್ಟಿಸುವ ಮನೆಯವರಿಗೆ ನನ್ನ ವಿನಂತಿಯಿಷ್ಟೆ: ಸೀಲಿನಲ್ಲಿ ಉಳಿತಾಯ ಬೇಡ, ಗಾಳಿಯ ಪರೀಕ್ಷೆಯಾಗದೆ ಕಿಕ್ಕು ಹೊಡೆಯುವುದು ಬೇಡ. ಎಂಜಿನ್ನಿಗಾದ ಹಾನಿಯನ್ನು ಹಣ ತುಂಬಿತು. ಆದರೆ ಅಂದು ನನ್ನ ಮಾತು ಕೇಳಿ ಹೊರಟುಹೋದ ಆ ಇಬ್ಬರು ನಾನು ಕ್ಷಮೆ ಕೇಳಿದಾಗ ಅಲ್ಲಿರಲಿಲ್ಲ. ಗದಗಿಗೆ ಹೋದಾಗಲೆಲ್ಲ ಅವರನ್ನು ಹುಡುಕುತ್ತಿರುತ್ತೇನೆ.