ಕ್ಯಾಮರಾಕ್ಕೊಂದು ಕೊಪ್ಪೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ, ಶ್ರೀರಂಗಪಟ್ಟಣವು ಇನ್ನೇನು ಬಂದೇಬಿಟ್ಟಿತೆಂದು ಪ್ರಯಾಣಿಕರು ಗಂಟುಮೂಟೆಗಳನ್ನು ಸರಿಪಡಿಸಿಕೊಳ್ಳುವ ಹೊತ್ತಿಗೆ ಬಾಬುರಾಯನಕೊಪ್ಪಲು ಎದುರಾಗುತ್ತದೆ. 2023ರಲ್ಲಿ ಹೊಸ ದಶಪಥ ರಸ್ತೆಯ ಉದ್ಘಾಟನೆಯಾದ ಮೇಲಂತೂ ಅವಸರದವರೆಲ್ಲ ಊರನ್ನು ಬಳಸಿಕೊಂಡೇ ಹೋಗಿಬಿಡುತ್ತಾರೆ. ಅವಸರವಿಲ್ಲದವರಿಗೆ ಮಾತ್ರ ಇಲ್ಲಿ ಇಳಿಯುವ ಭಾಗ್ಯ. ಒಂದು ಕಡೆಗೆ ಕರಿಘಟ್ಟದ ಬೆಟ್ಟ, ಅದರ ಬಳಿ ಕಾವೇರಿಯನ್ನು ಸೇರುವ ಲೋಕಪಾವನಿ. ಇನ್ನೊಂದು ಕಡೆಗೆ ಕಾವೇರಿಯ ಕವಲು, ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು. ನಡುವೆ ಕಬ್ಬು, ಬತ್ತ. ಛಾಯಾಚಿತ್ರದ ಹುಚ್ಚುಳ್ಳವನಿಗೆ ಇಷ್ಟು ಸಾಲದೆ?

ನಾನು ಅಲ್ಲಿಗೆ ಹೋದದ್ದು ಆಗಸ್ಟ್ ತಿಂಗಳಲ್ಲಿ. ಕೃಷ್ಣರಾಜಸಾಗರವು ತನ್ನ 124.80 ಅಡಿಯ ಮಟ್ಟವನ್ನು ಮುಟ್ಟಿ, ಹೊಳೆಗೆ ನೀರು ಬಿಟ್ಟಿದ್ದರು. ಹಾಗೆ ನೀರು ಬಿಟ್ಟಾಗಲೆಲ್ಲ ರಂಗನತಿಟ್ಟಿನಲ್ಲಿ ದೋಣಿಗಳನ್ನು ನಿಲ್ಲಿಸುವುದು ವಾಡಿಕೆ. ಸಲೀಂ ಅಲಿಯವರ ಸಲಹೆಯಿಂದ 1940ರಲ್ಲಿ ಪಕ್ಷಿಧಾಮವಾದ ಆ ತಿಟ್ಟುಗಳನ್ನು ದಡದಿಂದಲೇ ನೋಡಿ ಮರಳಬೇಕಾಯಿತು. ಹಕ್ಕಿ ಸಿಕ್ಕದಿದ್ದರೆ ತುಂಬಿದ ಹೊಳೆಯಾದರೂ ಸಿಕ್ಕೀತೆಂದು ಪಟ್ಟಣವನ್ನು ದಾಟಿ ಈಚೆಯ ದಡಕ್ಕೆ ಬಂದೆ.

ಕೊರಳಲ್ಲಿದ್ದ ಕ್ಯಾಮರಾ ನನ್ನ ಸಂಬಳದಿಂದ ಕೊಂಡದ್ದಲ್ಲ. ನನ್ನಾಕೆ ಎರಡು ವರ್ಷ ಚೀಟಿ ಕಟ್ಟಿ, ಕೂಗಿ ತೆಗೆದ ಹಣದಿಂದ ಕೊಡಿಸಿದ್ದು. ಅದರ ಜತೆಗೆ ಬಂದ ಮೊದಲನೆಯ ಲೆನ್ಸನ್ನು ಹಿಂದಿನ ಮಳೆಗಾಲದಲ್ಲಿ ನಾನೇ ಕೊಂದಿದ್ದೆ. ಕೊಂದದ್ದು ಮಳೆಯಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕರಿಘಟ್ಟದ ಮೇಲೆ ನಾಲ್ಕು ಹನಿ ಬಿದ್ದವು. ಅಂಗಿಯ ತುದಿಯಿಂದ ಒರೆಸಿ, ಒದ್ದೆಯ ಚೀಲಕ್ಕೆ ತುರುಕಿ, ಮನೆಗೆ ಬಂದು ಆ ಚೀಲವನ್ನು ಹಾಗೆಯೇ ಬೀರುವಿನೊಳಗಿಟ್ಟೆ. ಅಲ್ಲಿಂದ ಮುಂದೆ ಪರೀಕ್ಷೆಯ ಉತ್ತರಪತ್ರಿಕೆಗಳು ಬಂದವು. ಮೂರು ತಿಂಗಳ ಮೇಲೆ ತೆಗೆದು ಬೆಳಕಿಗೆ ಹಿಡಿದರೆ ಗಾಜಿನ ಒಳಮೈಯಲ್ಲಿ ಜೇಡರ ಬಲೆಯಂಥ ಎಳೆಗಳು! ಬೂಷ್ಟು. ಕತ್ತಲೆ, ತೇವ, ಆಡದ ಗಾಳಿ, ಈ ಮೂರೂ ಕೂಡಿದರೆ ಅದು ಗಾಜಿನ ಮೇಲೂ ಹಬ್ಬುತ್ತದೆ. ಹಬ್ಬಿದಲ್ಲಿ ಗಾಜಿನ ಲೇಪವನ್ನೇ ಕೊರೆಯುತ್ತದೆ. ರಿಪೇರಿಯವನು ಹೇಳಿದ ಬೆಲೆಗೆ ಇನ್ನೊಂದು ಲೆನ್ಸೇ ಬರುತ್ತಿತ್ತು. ಮನೆಯಾಕೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು!

ಆದುದರಿಂದ ಈ ಸಲ ಕರಿಘಟ್ಟದ ನೆತ್ತಿಯ ಮೇಲೆ ಮೋಡ ಕವಿಯುತ್ತಿದ್ದುದನ್ನು ಕಂಡು ನನ್ನ ಎದೆ ಹೊಡೆದುಕೊಂಡಿತು. ಕೊಡೆ ಬಿಚ್ಚಿದೆ, ಗಾಳಿ ಅದನ್ನು ತಿರುವಿಹಾಕಿತು. ಕ್ಯಾಮರಾವನ್ನು ಅಂಗಿಯೊಳಗೆ ಬಚ್ಚಿಟ್ಟು, ಕಬ್ಬಿನ ಗದ್ದೆಯ ಅಂಚಿನಲ್ಲಿದ್ದ ಆಲೆಮನೆಗೆ ಓಡಿದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಒಳಗೆಲ್ಲ ಸಿಹಿಯಾದ ಬಿಸಿ ಹಬೆ. ಒಲೆಗೆ ಕಬ್ಬಿನ ಸಿಪ್ಪೆ ನೂಕುತ್ತಿದ್ದ ಹಿರಿಯರೊಬ್ಬರು ನನ್ನನ್ನೂ ಎದೆಯ ಗಂಟನ್ನೂ ನೋಡಿದರು.

"ಅದ ಒಳಕ್ಕೆ ತರಬ್ಯಾಡಿ ಸ್ವಾಮಿ, ಹಬೆ ಐತೆ. ಅಲ್ಲೇ ಸೂರಿನ ಅಂಚಲ್ಲಿ ನಿಂತ್ಕಳಿ."

ಮಾತು ನಿಜ. ತಣ್ಣಗಿನ ಗಾಜಿಗೆ ಬಿಸಿಯಾದ ತೇವದ ಗಾಳಿ ತಗುಲಿದರೆ ಅದು ಬೆವರುತ್ತದೆ. ತಂಪುಗಾಳಿಯ ಬಸ್ಸಿನಿಂದ ಇಳಿದೊಡನೆ ಕ್ಯಾಮರಾ ತೆಗೆದವರಿಗೆ ಎದುರಿನ ಊರೆಲ್ಲ ಮಂಜಾಗಿ ಕಾಣುವುದೂ ಇದರಿಂದಲೇ. ಅರ್ಧ ಗಂಟೆ ಚೀಲದ ಬಾಯಿ ಮುಚ್ಚಿಟ್ಟು, ಅದು ಹೊರಗಿನ ಹವೆಗೆ ಹೊಂದಿದ ಮೇಲೆ ತೆಗೆಯಬೇಕು.

ಸೂರಿನ ಅಂಚಿನಲ್ಲಿ ನಿಂತು ನೋಡಿದರೆ, ಎದುರಿನ ಗದ್ದೆಯಲ್ಲಿ ನಾಟಿ ನಡೆದೇ ಇತ್ತು. ಏಳೆಂಟು ಮಂದಿ ಹೆಂಗಸರು, ತಲೆಯಿಂದ ಬೆನ್ನಿನವರೆಗೆ ಕೊಪ್ಪೆ ಹಾಕಿಕೊಂಡು, ಮಳೆಯೆಂಬುದೊಂದು ಇದೆಯೆಂಬುದನ್ನೇ ಅರಿಯದವರಂತೆ ಬಗ್ಗಿ ಪೈರು ಊರುತ್ತಿದ್ದರು. ಹೊಳೆಯನ್ನು ಹುಡುಕಿ ಬಂದವನಿಗೆ ಚಿತ್ರ ಗದ್ದೆಯಲ್ಲಿತ್ತು! ಆದರೆ ಅದನ್ನು ತೆಗೆಯಲು ಸೂರನ್ನು ಬಿಡಬೇಕು.

ನನ್ನ ಸಂಕಟ ಹಿರಿಯರಿಗೆ ತಿಳಿಯಿತು. "ಅದುಕ್ಕೂ ಒಂದು ಕೊಪ್ಪೆ ಹಾಕಿ" ಎಂದರು.

ಕೊಪ್ಪೆಯನ್ನು ಕಾಣದ ನಗರದ ಓದುಗರಿಗಾಗಿ ಒಂದು ಮಾತು. ಗೋಣಿಚೀಲದ ತಳದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ತೂರಿಸಿದರೆ ಮುಸುಕಾಗುತ್ತದೆ. ಅದನ್ನು ತಲೆಗೆ ಇಳಿಬಿಟ್ಟರೆ ಮಳೆಯ ನೀರು ಬೆನ್ನಿನ ಮೇಲೆ ಹರಿದು ಕೆಳಗೆ ಬೀಳುತ್ತದೆ. ಕೈ ಎರಡೂ ಕೆಲಸಕ್ಕೆ ಬಿಡುವಾಗಿರುತ್ತವೆ. ಹಿಂದೆ ಕಂಬಳಿಯದಿತ್ತು, ಈಗ ಪ್ಲಾಸ್ಟಿಕ್ಕಿನದೂ ಬಂದಿದೆ. ಉಪಾಯ ಮಾತ್ರ ಒಂದೇ.

ನನ್ನ ಚೀಲದಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರೊಂದಿತ್ತು. ಅದನ್ನು ತಲೆಕೆಳಗು ಮಾಡಿ ಕ್ಯಾಮರಾದ ಮೇಲೆ ಇಳಿಬಿಟ್ಟೆ. ಮುಂದೆ ತೂತು ಕೊರೆದು, ಲೆನ್ಸಿನ ತುದಿಯ ಹುಡ್ಡನ್ನು ಹೊರಕ್ಕೆ ತೂರಿಸಿ, ಉತ್ತರಪತ್ರಿಕೆಯ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡನ್ನು ಸುತ್ತಿದೆ. ಹುಡ್ಡು ಬಿಸಿಲಿಗೆಂದು ಮಾಡಿದ್ದಾದರೂ ಹನಿಗೂ ಸೂರಾಗುತ್ತದೆ. ಕೆಳಗಿನ ಬಾಯಿಯನ್ನೂ ಬಿಗಿಯಲು ಹೊರಟಾಗ ಹಿರಿಯರು ತಡೆದರು.

"ಕಟ್ಟಬ್ಯಾಡಿ ಸ್ವಾಮಿ. ಬಿಗುದ್ರೆ ಮಳೆ ನೀರು ತಪ್ತದೆ, ಬೆವರು ತಪ್ಪಕಿಲ್ಲ."

ಪುಸ್ತಕದಲ್ಲಿ ಓದಿಯೂ ನನಗೆ ಹೊಳೆಯದಿದ್ದ ತತ್ತ್ವವಿದು. ಸುತ್ತಲೂ ಬಿಗಿದ ಪ್ಲಾಸ್ಟಿಕ್ಕಿನೊಳಗೆ ತೇವವು ಸಿಕ್ಕಿಬಿದ್ದು ಒಳಗಿನಿಂದಲೇ ನೀರಾಗುತ್ತದೆ. ಮೇಲೆ ಮುಚ್ಚಿರಬೇಕು, ಕೆಳಗೆ ಉಸಿರಾಡಬೇಕು. ಮಳೆಗೆ ಜಗ್ಗದೆಂದು ಹೆಸರಾದ ದುಬಾರಿ ಕ್ಯಾಮರಾಗಳಿಗೂ ಕೊಪ್ಪೆ ಬೇಕು. ಅವು ಎರಚಲನ್ನು ತಡೆದಾವು, ಜಡಿಮಳೆಯನ್ನಲ್ಲ. ಅದೂ ಲೆನ್ಸಿಗೂ ಅಂಥ ಕಟ್ಟು ಇದ್ದರೆ ಮಾತ್ರ. ಮಳೆಯಲ್ಲಿ ಲೆನ್ಸು ಬದಲಾಯಿಸುವುದಂತೂ ಮನೆಯ ಬಾಗಿಲನ್ನು ಹೊಳೆಗೆ ತೆರೆದಿಟ್ಟಂತೆ.

ಗದ್ದೆಯ ಬದುವಿನ ಮೇಲೆ ನಿಂತು, ನಾಟಿಯವರ ಅಪ್ಪಣೆ ಕೇಳಿ, ಹತ್ತು ನಿಮಿಷ ಚಿತ್ರ ತೆಗೆದೆ. ನಾನು ಪೂರ್ತಿ ತೊಯ್ದೆ. ಮೂಡಿಗೆರೆಯ ಜಡಿಮಳೆಯ ಸೀಮೆಯಲ್ಲಿದ್ದು ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರು (1938–2007) ನೆನಪಾದರು. ಮಳೆಗಾಲವನ್ನು ಬಿಟ್ಟು ಈ ನಾಡಿನ ಚಿತ್ರ ತೆಗೆಯುತ್ತೇನೆಂಬುದು ಅರ್ಧ ನಾಡನ್ನು ಬಿಟ್ಟಂತೆಯೇ ಸರಿ.

ಸಂಜೆ ಮನೆಗೆ ಬಂದವನು ಈ ಸಲ ಬೀರುವಿನ ಬಳಿಗೆ ಹೋಗಲಿಲ್ಲ. ಬ್ಯಾಟರಿ ಕಳಚಿದೆ, ಮೆತ್ತನೆಯ ಒಣಬಟ್ಟೆಯಿಂದ, ಉಜ್ಜದೆ, ಒತ್ತಿ ಒತ್ತಿ ಒರೆಸಿದೆ, ಚೀಲವನ್ನು ಬೇರೆಯಾಗಿ ಹರವಿ, ಎಲ್ಲವನ್ನೂ ರಾತ್ರಿಯೆಲ್ಲ ಫ್ಯಾನಿನ ಕೆಳಗಿಟ್ಟೆ. ಅಕ್ಕಿಯ ಡಬ್ಬಿಯಲ್ಲಿ ಹೂಳಿಡಿರೆಂದು ಹೇಳುವವರುಂಟು. ಅಕ್ಕಿ ಹೀರುವುದು ಅಲ್ಪ, ಅದರ ಧೂಳು ಸಂದುಗಳಿಗೆ ಹೊಗುವುದು ಬಹಳ. ಚೆನ್ನಾಗಿ ಒಣಗಿದ ಮೇಲೆ, ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣಗಳ ನಡುವೆ ಇಡುವುದೇ ಮೇಲು.

"ಅದರ ತಲೆ ಒರೆಸಿದ್ದಾಯಿತೆ? ಇನ್ನು ನಿಮ್ಮದನ್ನು ಒರೆಸಿಕೊಳ್ಳಿ" ಎಂದು ಮನೆಯಾಕೆ ಟವೆಲು ಎಸೆದಳು. ಹೋದ ವರ್ಷ ಆಡದೆ ಉಳಿಸಿಕೊಂಡಿದ್ದ ಮಾತೆಲ್ಲ ಅದರಲ್ಲಿಯೇ ಇಳಿಯಿತೆಂದು ನನ್ನ ಎಣಿಕೆ.

ಮುಂದಿನ ತಿಂಗಳು ಒಂದು ಪ್ರತಿಯನ್ನು ಮುದ್ರಿಸಿಕೊಂಡು ಆಲೆಮನೆಗೆ ಹೋದೆ. ಹಿರಿಯರು ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ಚಿತ್ರವನ್ನು ಹಬೆಗೆ ತಗುಲದಂತೆ ಸೂರಿನ ಅಂಚಿಗೆ ತಂದು ಹಿಡಿದರು. ಬೆಳಕಿನ ವಿಷಯ, ವಿನ್ಯಾಸದ ವಿಷಯ ಏನಾದರೂ ಹೇಳಿಯಾರೆಂದು ಕಾದು ನಿಂತೆ. ಬಹಳ ಹೊತ್ತು ನೋಡಿ, ಕೊನೆಗೆ ಅವರು ಹೇಳಿದರು:

"ಮಳೆ ಚೆಂದಾಗಿ ಬಂದೈತೆ."