ಕಿಡಿಯ ಪರೀಕ್ಷೆ

ಯಂತ್ರವು ಕೆಟ್ಟು ಕೆಟ್ಟೇ ಇದ್ದರೆ ಅದನ್ನು ದುರಸ್ತಿ ಮಾಡುವದು ದೊಡ್ಡ ಕೆಲಸವಲ್ಲ. ಕೆಟ್ಟು, ತಾನಾಗಿಯೇ ಸರಿಹೋಗಿ, ಮತ್ತೆ ಕೆಡುವ ಯಂತ್ರವೇ ಮನುಷ್ಯನ ಬುದ್ಧಿಯನ್ನು ಒರೆಗೆ ಹಚ್ಚುವದು. ಖಾನಾಪುರದ ನಿವೃತ್ತ ಮಾಸ್ತರರೊಬ್ಬರ ಹಳೆಯ ಅಂಬಾಸಡರ್ ಕಾರು ಒಂದು ಚೈತ್ರಮಾಸದಲ್ಲಿ ಈ ಎರಡನೆಯ ಜಾತಿಗೆ ಸೇರಿತು.

ಮಾಸ್ತರರಿಗೆ ಕಾರು ಶೋಕಿಯ ವಸ್ತುವಾಗಿರಲಿಲ್ಲ. ಅವರ ಪತ್ನಿಯ ಮೂತ್ರಪಿಂಡಗಳು ಕೆಲಸ ಬಿಟ್ಟಿದ್ದವು. ವಾರಕ್ಕೆ ಎರಡು ಸಲ ಬೆಳಗಾವಿಯ ಆಸ್ಪತ್ರೆಯೊಂದಕ್ಕೆ ಕರೆದೊಯ್ದು ರಕ್ತಶುದ್ಧಿ ಮಾಡಿಸಬೇಕಾಗಿತ್ತು. ನಾಲ್ಕು ತಾಸು ಯಂತ್ರದ ಮಗ್ಗುಲಲ್ಲಿ ಮಲಗಿ ಎದ್ದ ಆ ತಾಯಿಯನ್ನು ನಡುಹಗಲಿನ ಬಿಸಿಲಿನಲ್ಲಿ ನಿಂತುಹೋದ ಗಾಡಿಯಲ್ಲಿ ಕೂಡ್ರಿಸಿಕೊಂಡಿರುವದೆಂದರೆ ಏನೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಎರಡು ಊರುಗಳ ನಡುವಿನ ದಾರಿ ಸುಮಾರು 26 ಕಿಲೋಮೀಟರು. ಉದ್ಯಮಬಾಗ, ಪಿರನವಾಡಿ, ಮಚ್ಛೆ ದಾಟುವವರೆಗೆ ಕಾರು ಸುಮ್ಮನೆ ನಡೆಯುವದು. ಆ ಮೇಲೆ ಎರಡು ಸಲ ಕೆಮ್ಮಿ ನಿಲ್ಲುವದು. ಅರ್ಧ ತಾಸು ಮರದ ನೆರಳಿನಲ್ಲಿದ್ದರೆ ಏನೂ ಆಗಿಲ್ಲವೆಂಬಂತೆ ಹೊರಡುವದು.

ಆಷಾಢವಾಗಿದ್ದರೆ ಮಳೆಯ ಮೇಲೆ ತಪ್ಪು ಹೊರಿಸಬಹುದಾಗಿತ್ತು. ಕಣಕುಂಬಿ, ಜಾಂಬೋಟಿಗಳ ಕಡೆ ಮಳೆಗಾಲದಲ್ಲಿ ತಂತಿಗಳಿಗೆ ತೇವ ಹಿಡಿದು ಕಿಡಿಯು ಸೋರಿಹೋಗುವದು ಆ ಸೀಮೆಯ ಚಾಲಕರಿಗೆಲ್ಲ ಗೊತ್ತಿದ್ದ ಮಾತು. ಇದು ಬೇಸಿಗೆ. ಆದುದರಿಂದ ಬಲ್ಲವರು ಪೆಟ್ರೋಲನ್ನು ಬೈದರು: ಕಾವಿಗೆ ಅದು ಪಂಪಿನಲ್ಲಿಯೇ ಆವಿಯಾಗಿ ಮುಂದೆ ಸಾಗುವದಿಲ್ಲವೆಂದರು. ಪಂಪು ಹೊಸದಾಯಿತು. ಪ್ಲಗ್ಗುಗಳು ಹೊಸವಾದವು. ಕಂಡೆನ್ಸರೂ ಬದಲಾಯಿತು. ಮಾಸ್ತರರ ಪಿಂಚಣಿಯ ಬಹುಭಾಗ ಕರಗಿತು; ಕಾರು ಮಾತ್ರ ಮಚ್ಛೆಯ ಆಚೆ ನಿಲ್ಲುವದನ್ನು ಬಿಡಲಿಲ್ಲ.

ಇಂಥ ಕಾರಿನಲ್ಲಿ ಕಿಡಿ ಹುಟ್ಟುವ ಬಗೆಯನ್ನು ಇಲ್ಲಿ ಹೇಳಬೇಕು. ಬ್ಯಾಟರಿಯ ಬಲ 12 ವೋಲ್ಟು ಮಾತ್ರ. ಪ್ಲಗ್ಗಿನ ಕಿರುಸಂದಿಯನ್ನು ಹಾರಲು ಹತ್ತಿಪ್ಪತ್ತು ಸಾವಿರ ವೋಲ್ಟು ಬೇಕು. ಈ ಅಂತರವನ್ನು ತುಂಬುವದೇ ಕಾಯಿಲು. ಕಬ್ಬಿಣದ ತಿರುಳಿನ ಸುತ್ತ ದಪ್ಪ ತಂತಿಯ ಕೆಲವು ನೂರು ಸುತ್ತು. ಅದರ ಜೊತೆಗೆ ಕೂದಲಿನಂಥ ತಂತಿಯ ಸಾವಿರಾರು ಸುತ್ತು. ದಪ್ಪ ತಂತಿಯ ಪ್ರವಾಹವನ್ನು ಪಾಯಿಂಟುಗಳು ಥಟ್ಟನೆ ಕಡಿದಾಗ ಕಾಂತಕ್ಷೇತ್ರ ಕುಸಿದು, ಸಣ್ಣ ತಂತಿಯಲ್ಲಿ ಮಹಾಬಲ ಹುಟ್ಟುವದು. ಫ್ಯಾರಡೆಯು 1831ರಲ್ಲಿ ಕಂಡುಹಿಡಿದ ತತ್ವವನ್ನೇ ಅಮೇರಿಕೆಯ ಕೆಟರಿಂಗನು ಕಾರಿಗೆ ಒಗ್ಗಿಸಿದನು; 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂದಿತು. ನಾಲ್ಕು ಸಿಲಿಂಡರಿನ ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಕಾಯಿಲು ಸೆಕೆಂಡಿಗೆ 100 ಕಿಡಿಗಳನ್ನು ಕೊಡಬೇಕು. ಎಂಜಿನಿನ ಮಗ್ಗುಲಲ್ಲಿ ಬೇಯುತ್ತ ಇಷ್ಟು ದುಡಿಯುವ ವಸ್ತುವಿನ ಮೇಲೆ ಎಲ್ಲರಿಗಿಂತ ಕೊನೆಗೆ ಸಂಶಯ ಬರುವದು ವಿಚಿತ್ರವೇ ಸರಿ.

ಉದ್ಯಮಬಾಗದ ಕಡೆಯ ವೃದ್ಧ ಮಿಸ್ತ್ರಿಯೊಬ್ಬರು ಕಾರನ್ನು ಬಿಚ್ಚಲೇ ಇಲ್ಲ. ತಂಪಿದ್ದಾಗ ಮೀಟರು ಹಚ್ಚಿ ನೋಡಿದರು: ದಪ್ಪ ತಂತಿಗೆ ಒಂದೂವರೆ ಓಮು, ಸಣ್ಣ ತಂತಿಗೆ ಒಂಬತ್ತು ಸಾವಿರ. ಎರಡೂ ತುಂಡಾಗಿರಲಿಲ್ಲ. “ಈ ಕಾಯಿಲು ಯಾವಾಗ ಹಾಕಿಸೀರಿ, ಮಾಸ್ತರ?” ಎಂದು ಕೇಳಿ, ಹೋದ ವರ್ಷವೆಂಬ ಉತ್ತರಕ್ಕೆ ಸುಮ್ಮನಾದರು. “ನಡಿಯೂ ಗಾಡಿ ನಮಗ ಏನೂ ಹೇಳೂದಿಲ್ರಿ. ನಿಂತಲ್ಲೇ ನೋಡಬೇಕು” ಎಂದರು. ಆಸ್ಪತ್ರೆಯಿಲ್ಲದ ದಿನ ಒಂದು ಬೇರೆ ಕಾಯಿಲು ಕೈಯಲ್ಲಿ ಹಿಡಿದು ಮಾಸ್ತರರ ಜೊತೆಗೆ ಕುಳಿತು ಹೊರಟರು.

ಕಾರು ತನ್ನ ರೂಢಿಯ ಸ್ಥಳದಲ್ಲಿ ನಿಂತಿತು. ಮಿಸ್ತ್ರಿಯು ಪೆಟ್ರೋಲಿನ ನಳಿಗೆಯನ್ನು ಕಳಚಿದರು. ಧಾರೆ ಸರಿಯಾಗಿ ಬಂದಿತು. ಅದನ್ನು ಮತ್ತೆ ಬಿಗಿದು, ಚೆಲ್ಲಿದ್ದನ್ನು ಒರೆಸಿ ಒಣಗಿಸಿದ ಮೇಲೆಯೇ ಕಾಯಿಲಿನ ದೊಡ್ಡ ತಂತಿಯನ್ನು ರಬ್ಬರು ಹಿಡಿಯ ಇಕ್ಕಳದಿಂದ ಹಿಡಿದು ಎಂಜಿನಿನ ಕಬ್ಬಿಣದ ಹತ್ತಿರ ತಂದರು. ನೀಲಿಯಾಗಿ ಚಟ್ಟನೆ ಹಾರಬೇಕಾದ ಕಿಡಿಯು ಹಳದಿಯಾಗಿ ಒಮ್ಮೆ ತೋರಿ ಅಡಗಿತು. ಬೇರೆ ಕಾಯಿಲನ್ನು ಜೋಡಿಸಿದೊಡನೆ ಎಂಜಿನು ಹೊತ್ತಿಕೊಂಡಿತು. ಮಾಸ್ತರರು ಕೈಮುಗಿಯುವಷ್ಟರಲ್ಲಿ ಮಿಸ್ತ್ರಿಯು ಅದನ್ನು ತೆಗೆದು, ಇನ್ನೂ ಸುಡುತ್ತಿದ್ದ ಹಳೆಯದನ್ನೇ ಪುನಃ ಹಾಕಿದರು! ಎಂಜಿನು ಏಳಲಿಲ್ಲ. ಮತ್ತೆ ಬದಲಿಸಿದರು, ಎದ್ದಿತು. ನಡುವೆ ಹೋದ ಹೊತ್ತಿನಲ್ಲಿ ಬೇರೇನಾದರೂ ತಂಪಾಗಿ ಸರಿಹೋಗಿರಬಹುದೆಂಬ ಸಂಶಯವನ್ನು ಕಳೆಯಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಇಂದಿನ ಅನೇಕ ಕಾರುಗಳಲ್ಲಿ ಪ್ರತಿಯೊಂದು ಪ್ಲಗ್ಗಿಗೂ ತನ್ನದೇ ಕಾಯಿಲು ಇರುವದು. ಗಣಕವು ಪಿ 0301 ಎಂದು ಮೊದಲನೆಯ ಸಿಲಿಂಡರಿನ ಕಡೆಗೆ ಬೆರಳು ತೋರಿಸುವದು. ಅಲ್ಲಿಯೂ ಜಾಣರು ಆ ಕಾಯಿಲನ್ನು ಎರಡನೆಯದರ ಮೇಲೆ ಕೂಡ್ರಿಸಿ, ಸಂಖ್ಯೆಯು ಪಿ 0302 ಆಗುವದೋ ಎಂದು ನೋಡುವರು.

ಇನ್ನು ಆ ಒಂದೂವರೆ ಓಮಿನ ಮಾತು. ಅಂಥ ಕಾಯಿಲು ಬೇರೊಂದು ಪ್ರತಿರೋಧದ ತುಂಡಿನೊಡನೆ ಸಂಸಾರ ಮಾಡತಕ್ಕದ್ದು. ಮಾಸ್ತರರ ಕಾರಿನಲ್ಲಿ ಆ ತುಂಡಿಗೆ ಎಡೆಯೇ ಇರಲಿಲ್ಲ. ಅದಕ್ಕೆ ಮೂರು ಓಮಿನ ಕಾಯಿಲು ಬೇಕಾಗಿತ್ತು. ಪಾಯಿಂಟು ಕೂಡಿದಾಗ 4 ಆಂಪಿಯರು ಹರಿಯಬೇಕಾದಲ್ಲಿ 8 ಹರಿದು, ಒಳಗಿನ ಹೊದಿಕೆಯು ದಿನದಿನಕ್ಕೆ ಬೆಂದುಹೋಗಿತ್ತು. ಅದೇ ಜಾತಿಯ ಹೊಸ ಕಾಯಿಲನ್ನು ಹಾಕಿದ್ದರೆ ಮುಂದಿನ ಚೈತ್ರದಲ್ಲಿ ಇದೇ ಪುರಾಣ.

ಮೂರು ಓಮಿನದನ್ನೇ ಹಾಕಿದರು. ಕಾರು ನಿಲ್ಲಲಿಲ್ಲ. ಮಾಸ್ತರರ ಪತ್ನಿ ಮಾತ್ರ ಹಿಂದಿನ ಆಸನದಲ್ಲಿ ಎಷ್ಟೇ ದಣಿದು ಒರಗಿದ್ದರೂ, ಮಚ್ಛೆ ಬಂದಾಗ ಕಣ್ಣು ತೆರೆದು ಎಂಜಿನಿನ ಸಪ್ಪಳವನ್ನು ಕೇಳುವ ರೂಢಿಯನ್ನು ಮಳೆ ಹಿಡಿಯುವವರೆಗೂ ಬಿಡಲಿಲ್ಲ.