ಸೋರುವ ಕಾಲುವೆಗಳ ನಾಡು

ಸ್ಪೇನ್ ದೇಶದ ದಕ್ಷಿಣಭಾಗದಲ್ಲಿ, ಗ್ರಾನಡಾ ಪಟ್ಟಣಕ್ಕೂ ಮೆಡಿಟರೇನಿಯನ್ ಸಮುದ್ರಕ್ಕೂ ನಡುವೆ, ಸಿಯೆರ್ರಾ ನೆವಾಡಾ ಎಂಬ ಪರ್ವತಪಂಕ್ತಿಯುಂಟು. ಹಿಮ ಹೊದ್ದ ಬೆಟ್ಟವೆಂದೇ ಆ ಹೆಸರಿನ ಅರ್ಥ. ಅದರ ಶಿಖರಗಳಲ್ಲಿ ಹಿರಿದಾದ ಮುಲಾಸೇನ್ ೧೧,೪೦೦ ಅಡಿಗಳಿಗೂ ಮಿಗಿಲಾದ ಎತ್ತರದ್ದು. ಪರ್ವತದ ತೆಂಕಣ ಇಳಿಜಾರನ್ನು ಅಲ್ಪುಹಾರ್ರ ಎಂದು ಕರೆಯುವರು. ಅಲ್ಲಿಯ ಪೋಕೇಯ್ರ ಕಣಿವೆಯಲ್ಲಿ ಒಂದರ ಮೇಲೊಂದು ಮೆಟ್ಟಿಲಿಟ್ಟಂತೆ ಪಂಪಾನೇಯ್ರ, ಬುಬಿಯೋನ್, ಕಾಪಿಲೇಯ್ರ ಎಂಬ ಮೂರು ಹಳ್ಳಿಗಳಿವೆ. ನಡುವಣದಾದ ಬುಬಿಯೋನಿನಲ್ಲಿ ನಾವು ಒಂದು ಚಳಿಗಾಲದಿಂದ ಮುಂದಿನ ನವೆಂಬರಿನವರೆಗೆ ವಾಸಮಾಡಿದೆವು.

ಆ ಊರುಗಳಿಗೆ ಪ್ರವಾಸಿಗಳು ಬರುವುದು ಸುಣ್ಣ ಬಳಿದ ಮನೆಗಳನ್ನೂ, ಬೀದಿಯ ಮೇಲೆ ಸೇತುವೆಯಂತೆ ಚಾಚಿದ ಕೊಠಡಿಗಳನ್ನೂ, ಟೊಪ್ಪಿಗೆಯಿಟ್ಟಂತಿರುವ ದುಂಡು ಹೊಗೆಗೂಡುಗಳನ್ನೂ ನೋಡುವುದಕ್ಕೆ. ಅವೆಲ್ಲ ಚೆಲುವಾದವುಗಳೇ, ಸಂದೇಹವಿಲ್ಲ. ಆದರೆ ಹಗಲೂ ಇರುಳೂ ನಮ್ಮ ಕಿವಿಗೆ ಬೀಳುತ್ತಿದ್ದುದು ನೀರಿನ ಸದ್ದು. ಊರಿನ ಮೇಲೆ, ಕೆಳಗೆ, ಚೆಸ್ಟ್‌ನಟ್ ತೋಪುಗಳ ನಡುವೆ, ಎಲ್ಲಿ ನೋಡಿದರೂ ಮೊಳದಗಲದ ಮಣ್ಣಿನ ಕಾಲುವೆಗಳು. ಅಸೇಕಿಯ ಎಂದು ಅವುಗಳ ಹೆಸರು. ಮಾತು ಅರಬ್ಬಿಯಿಂದ ಬಂದುದು. ಮಧ್ಯಯುಗದಲ್ಲಿ ಈ ಬೆಟ್ಟದ ಮುಸಲ್ಮಾನ ರೈತರು ಅವುಗಳನ್ನು ತೋಡಿದರು. ೧೪೯೨ರಲ್ಲಿ ಗ್ರಾನಡಾ ಕ್ರೈಸ್ತ ದೊರೆಗಳ ವಶವಾಯಿತು. ಬಲವಂತದಿಂದ ಮತಾಂತರಗೊಂಡ ಇಲ್ಲಿಯ ಜನ ೧೫೬೮ರಲ್ಲಿ ದಂಗೆಯೆದ್ದು ಸೋತರು; ಅವರನ್ನು ಹೊರಗಟ್ಟಿ, ಉತ್ತರದ ಪ್ರಾಂತಗಳಿಂದ ಒಕ್ಕಲುಗಳನ್ನು ತಂದು ನೆಲೆಗೊಳಿಸಿದರು. ನೀರಿನ ಕ್ರಮವನ್ನು ಕಲಿಸುವುದಕ್ಕಾಗಿ ಊರಿಗೆ ಎರಡು ಹಳೆಯ ಕುಟುಂಬಗಳನ್ನು ಮಾತ್ರ ಉಳಿಸಿಕೊಂಡರೆಂದು ಹೇಳಿಕೆಯುಂಟು. ಜನರನ್ನು ಅಟ್ಟಿದವರಿಗೂ ಅವರ ಕಾಲುವೆ ಬೇಕಾಗಿದ್ದಿತು.

ಚಳಿಗಾಲವು ಒಲೆಯ ಮುಂದಣ ಕಾಲ. ಮಳೆಯೋ ಹಿಮವೋ ಬಿದ್ದ ದಿನ ಮನೆಮನೆಯಲ್ಲಿ ಮಿಗಾಸ್ ಮಾಡುವರು. ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿಯನ್ನು ಬಾಡಿಸಿ, ನೀರು ಹಾಕಿ, ಗೋದಿಯ ರವೆಯನ್ನು ಸುರಿದು, ಅದು ಉದುರುದುರಾಗುವವರೆಗೆ ಕೈಬಿಡದೆ ಮಗುಚುವುದೇ ಇದರ ಪಾಕ. ನಮ್ಮ ಮನೆಯೊಡತಿ ಮೊದಲ ಸಲ ಅದನ್ನು ಬಡಿಸಿದಾಗ ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಒಗ್ಗರಣೆಯೊಂದು ಇಲ್ಲದ ಉಪ್ಪಿಟ್ಟೇ ಅದು. ಜನವರಿಯ ಕಡೆಯಲ್ಲಿ, ಮೇಲೆ ಹಿಮವಿರುವಾಗಲೇ, ಕೆಳಗಣ ಓರ್ಹಿವದ ಕಡೆ ಬಾದಾಮಿ ಮರಗಳು ಹೂಬಿಡತೊಡಗುವುವು. ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಇಳಿದುಹೋದೆವು. ಎಲೆಯಿಲ್ಲದ ಕೊಂಬೆಯ ತುಂಬ ಬಿಳಿ ಹೂ. ಹಿಂದಿರುಗಿ ನೋಡಿದರೆ ಬೆಟ್ಟದ ತಲೆಯೂ ಬಿಳಿ.

ಹಿಮ ಕರಗುವ ಮುನ್ನ ಕಾಲುವೆಗಳನ್ನು ಶುದ್ಧಿಮಾಡಬೇಕು. ಚಳಿಗಾಲದಲ್ಲಿ ಕುಸಿದ ದಂಡೆ, ಉರುಳಿದ ಕಲ್ಲು, ತುಂಬಿದ ಎಲೆ, ಬೆಳೆದ ಮುಳ್ಳು, ಇವೆಲ್ಲವನ್ನೂ ತೆಗೆಯುವ ಕೆಲಸ ನೀರಿನ ಹಕ್ಕುಳ್ಳವರದು. ನಮಗೆ ಯಾವ ಹಕ್ಕೂ ಇರಲಿಲ್ಲವಾದರೂ ಗುದ್ದಲಿ ಹಿಡಿದು ಜತೆಗೂಡಿದೆವು. ಮುಂದೆ ನಡೆದವರು ಅಸೇಕಿಯೇರೊ ಎಂಬ ಕೆಲಸದ ವೃದ್ಧರು. ಇವರು ನಮ್ಮ ನಾಡಿನ ನೀರುಗಂಟಿಯ ಸ್ಥಾನದವರು. ತೂಬು ತೆರೆಯುವುದೂ ಮುಚ್ಚುವುದೂ ಇವರ ಕೈಯಲ್ಲಿಯೇ. ಕಾಲುವೆಯ ತಳದ ಬಿರುಕಿನಿಂದ ನೀರು ಜಿನುಗಿಹೋಗುವ ಒಂದೆಡೆಯನ್ನು ನಾವು ಜೇಡಿಯಿಂದ ಮೆತ್ತಬೇಕೇ ಎಂದು ಕೇಳಿದೆವು. "ಬೇಡ. ಕೆಳಗಿನ ಚೆಸ್ಟ್‌ನಟ್ ಮರಗಳು ಏನು ಕುಡಿಯಬೇಕು?" ಎಂದರು ಅವರು.

ಈ ಒಂದು ಮಾತಿನಲ್ಲಿ ಆ ನಾಡಿನ ಜೀವನಕ್ರಮವೆಲ್ಲ ಅಡಗಿದೆಯೆಂದು ನಮಗೆ ಆಮೇಲೆ ತಿಳಿಯಿತು. ಕಾಲುವೆಗಳಲ್ಲಿ ಎರಡು ಬಗೆ. ಒಂದು ನೇರವಾಗಿ ಹೊಲಗದ್ದೆಗೆ ಹೋಗುವುದು. ಇನ್ನೊಂದಕ್ಕೆ ಕರೇಯೊ ಎಂದು ಹೆಸರು. ಅದು ವಸಂತದಲ್ಲಿ ಕರಗಿದ ಹಿಮದ ನೀರನ್ನು ಹೊಳೆಯಿಂದ ತಿರುಗಿಸಿ, ಬೆಟ್ಟದ ಮೇಲಣ ಬಿರುಕುಬಿಟ್ಟ ನೆಲದಲ್ಲಿ ಬೇಕೆಂದೇ ಚೆಲ್ಲಿಬಿಡುವುದು. ನೀರು ಪದರಕಲ್ಲಿನ ಸಂದುಗಳಲ್ಲಿ ಇಳಿದು, ನೆಲದೊಳಗೆ ಮೆಲ್ಲಮೆಲ್ಲನೆ ನಡೆದು, ವಾರಗಳೋ ತಿಂಗಳುಗಳೋ ಕಳೆದಮೇಲೆ ಕೆಳಗಿನ ಒರತೆಗಳಲ್ಲಿ ಹೊರಡುವುದು. ಬೇಸಗೆಯಲ್ಲಿ ಹಿಮ ಮುಗಿದಿದ್ದರೂ ಒರತೆ ಬತ್ತದಿರುವುದು ಇದರಿಂದಲೇ. ಅಣೆಕಟ್ಟಿಲ್ಲದೆ ಬೆಟ್ಟವನ್ನೇ ಕೆರೆಯಾಗಿ ಮಾಡಿಕೊಂಡ ಜಾಣ್ಮೆಯಿದು. ಸಿಮೆಂಟು ಹಾಕಿ, ಕೊಳವೆಯಲ್ಲಿ ಹಾಯಿಸಿ, ನೀರನ್ನು ಉಳಿಸಬೇಕೆನ್ನುವವರು ಅಲ್ಲಿಯೂ ಇದ್ದಾರೆ. ಲೆಕ್ಕದ ಪುಸ್ತಕದಲ್ಲಿ ಅದು ಉಳಿತಾಯವೇ ಸರಿ. ಮರಗಳ ಪಾಲೂ ಒರತೆಗಳ ಪಾಲೂ ಆ ಪುಸ್ತಕದಲ್ಲಿ ಬರೆದಿರುವುದಿಲ್ಲ.

ಬೇಸಗೆಯ ಸಂಭ್ರಮಗಳಲ್ಲಿಯೂ ನೀರಿಗೇ ಅಗ್ರಸ್ಥಾನ. ಜೂನ್ ೨೩ರ ಮಧ್ಯರಾತ್ರಿ ಲಾನ್ಹರೋನ್ ಊರಿನವರು ಬೀದಿಗಿಳಿದು ಒಬ್ಬರ ಮೇಲೊಬ್ಬರು ನೀರೆರಚುವರು. ಒಣಬಟ್ಟೆಯಲ್ಲಿ ಮನೆಗೆ ಮರಳಿದವರನ್ನು ನಾವು ಕಾಣಲಿಲ್ಲ. ಆಗಸ್ಟ್ ೫ರಂದು ಹಿಮದ ಮಾತೆಯ ಯಾತ್ರೆ. ೪,೮೦೦ ಅಡಿ ಎತ್ತರದ ತ್ರೆವೇಲೆಸ್ ಊರಿನಿಂದ ಭಕ್ತರು ಕತ್ತಲಿರುವಾಗಲೇ ಹೊರಟು, ಕೆಲವರು ಕುದುರೆಯ ಮೇಲೆ, ಹಲವರು ಕಾಲ್ನಡಿಗೆಯಲ್ಲಿ, ಮುಲಾಸೇನಿನ ನೆತ್ತಿಯನ್ನೇರುವರು. ಆರೂವರೆ ಸಾವಿರ ಅಡಿಗಳ ಏರು! ನಾವೂ ಕೈದೀಪ ಹಿಡಿದು ಹೊರಟೆವು. ಬೆಳಕು ಹರಿಯುವ ವೇಳೆಗೆ ಮರಗಳು ಹಿಂದುಳಿದು, ಬರಿಯ ಕಲ್ಲೂ ಗಾಳಿಯೂ ನಮ್ಮೊಡನೆ ಉಳಿದುವು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಒಂದೇ ಹದದಲ್ಲಿ ಹೆಜ್ಜೆಯಿಡುತ್ತ ನಮ್ಮನ್ನು ಎರಡು ಬಾರಿ ಹಿಂದೆ ಹಾಕಿದರು. ಎರಡನೆಯ ಬಾರಿ ಕರುಣೆಯಿಂದ ಒಂದು ಹಿಡಿ ಒಣ ಅಂಜೂರವನ್ನು ಕೊಟ್ಟುಹೋದರು. ಮೇಲೆ ಪೂಜೆ ನಡೆಯುವಾಗ ದಕ್ಷಿಣದಲ್ಲಿ ಸಮುದ್ರವೂ, ಅದರಾಚೆ ಮಸುಕಾಗಿ ಆಫ್ರಿಕದ ಅಂಚೂ ತೋರಿದುವು. ಹಿಮ ತೀರ ಕಡಿಮೆಯಿರುವ ತಿಂಗಳಲ್ಲಿ ಹಿಮದ ಮಾತೆಯನ್ನು ಮಲೆಯ ತುದಿಗೇ ಹೋಗಿ ಪ್ರಾರ್ಥಿಸುವ ಜನರ ಮನಸ್ಸು ನಮಗೆ ಚೆನ್ನಾಗಿ ಅರ್ಥವಾಯಿತು. ಇಳಿಯುವಾಗ ಏಳು ಕೊಳಗಳ ದಾರಿಯನ್ನು ಹಿಡಿದೆವು. ಆ ನೀರಿನಲ್ಲಿ ಕಾಲಿಟ್ಟ ನಮ್ಮಲ್ಲೊಬ್ಬರು ಹಾಕಿದ ಕೂಗು ಇನ್ನೂ ಕೊಳದ ಮೇಲೆ ಸುಳಿದಾಡುತ್ತಿರಬಹುದು.

ಅಕ್ಟೋಬರಿನಲ್ಲಿ ತೋಪುಗಳು ಹೊಂಬಣ್ಣಕ್ಕೆ ತಿರುಗಿದುವು. ಬಿಳಿ ಗೋಡೆಗಳ ಮೇಲೆ ಕೆಂಪು ಮೆಣಸಿನ ಸರಗಳು ತೂಗಿದುವು. ನವೆಂಬರಿನ ಮೊದಲಲ್ಲಿ, ಸಕಲ ಸಂತರ ಹಬ್ಬಕ್ಕೆ, ಬಯಲಿನಲ್ಲಿ ಬೆಂಕಿ ಹಾಕಿ ಚೆಸ್ಟ್‌ನಟ್ ಸುಟ್ಟು ತಿನ್ನುವರು. ಮೌರಾಕ ಎಂದು ಅದಕ್ಕೆ ಹೆಸರು. ಆ ಕಾಯಿಗಳನ್ನು ಆರಿಸುವುದಕ್ಕೆ ಹೋದಾಗ, ಕಣಿವೆಯ ಒಂದು ಮಗ್ಗುಲಲ್ಲಿ ಮರಗಳ ತುದಿಗಳು ಒಣಗಿ ಬೂದಿಯ ಬಣ್ಣವಾಗಿದ್ದುದನ್ನು ಕಂಡೆವು. ಮೇಲಣ ಕಾಲುವೆಯನ್ನು ಕೈಬಿಟ್ಟು ಬಹಳ ವರ್ಷಗಳಾಗಿದ್ದುವು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯುವಕರು ಪಟ್ಟಣಗಳಿಗೂ ಪರದೇಶಗಳಿಗೂ ಹೋದರು, ಮೆಟ್ಟಿಲುಗದ್ದೆಗಳು ಪಾಳುಬಿದ್ದುವು, ಅವುಗಳೊಡನೆ ಅನೇಕ ಕಾಲುವೆಗಳೂ ಮುಚ್ಚಿಹೋದುವು. ೨೦೧೪ರಿಂದೀಚೆಗೆ ಗ್ರಾನಡಾ ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳನ್ನೂ ಸ್ವಯಂಸೇವಕರನ್ನೂ ಕರೆತಂದು, ಊರವರೊಡನೆ ಸೇರಿ, ಇಂತಹ ಕೆಲವು ಕಾಲುವೆಗಳಲ್ಲಿ ಮತ್ತೆ ನೀರು ಹರಿಯಿಸಿದ್ದಾರೆ. ಅದು ದೊಡ್ಡ ಕೆಲಸವೇ. ಆದರೆ ತೋಡಿದ ಕಾಲುವೆ ವರ್ಷವರ್ಷವೂ ಮತ್ತೆ ಹೂಳುವುದು.

ಹೊರಡುವ ಹಿಂದಿನ ಸಂಜೆ ನಾವು ನೀರಿನ ವೃದ್ಧರನ್ನು ಕಾಣಲು ಹೋದೆವು. ಬರುವ ಮಾರ್ಚಿನಲ್ಲಿ ಗುದ್ದಲಿ ಹಿಡಿಯುವವರು ಎಷ್ಟು ಮಂದಿಯೆಂದು ಕೇಳಿದೆವು. ಅವರು ಬೆರಳು ಮಡಿಸುತ್ತ ಒಬ್ಬೊಬ್ಬರ ಹೆಸರನ್ನೂ ಹೇಳಿ ಒಂಬತ್ತು ಮಂದಿಯನ್ನು ಎಣಿಸಿದರು. ಸ್ವಲ್ಪ ಯೋಚಿಸಿ, ಒಂದು ಬೆರಳನ್ನು ಬಿಚ್ಚಿದರು.